ಕಂಪನಿ ಕೊಡಿಸಿದ ‘ವೆಲ್‌ನೆಸ್’ ಸೇವೆ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

2024ರ ನವೆಂಬರ್ ಮೊದಲ ವಾರದಲ್ಲಿ ಅಮೆರಿಕದ ಗಡಿಯಾರಗಳು ಪ್ರತಿ ವರ್ಷದಂತೆ ಒಂದು ಗಂಟೆ ಹಿಂದಕ್ಕೆ ಸರಿದವು. ಅಲ್ಲಿನ ಪಶ್ಚಿಮ ಕರಾವಳಿಯ ತಂಡಗಳೊಂದಿಗೆ ಕೆಲಸ ಮಾಡುವ ಬೆಂಗಳೂರಿನ ಮನೆಗಳಲ್ಲಿ ಇದರ ಪರಿಣಾಮ ಎಲ್ಲರಿಗೂ ಗೊತ್ತು: ರಾತ್ರಿ ಒಂಬತ್ತೂವರೆಗೆ ಆರಂಭವಾಗುತ್ತಿದ್ದ ಕಾಲ್ ಮಾರ್ಚ್ ತಿಂಗಳವರೆಗೆ ಹತ್ತೂವರೆಗೆ ಆರಂಭವಾಗುತ್ತದೆ, ಮಲಗುವ ಹೊತ್ತಿಗೆ ಹನ್ನೆರಡೂವರೆ ದಾಟಿರುತ್ತದೆ. ಅದೇ ವಾರ ನಮ್ಮ ಕಂಪನಿಯ ಎಚ್‌ಆರ್ ವಿಭಾಗದಿಂದ ಒಂದು ಇಮೇಲ್ ಬಂತು. ನೌಕರರ ಕ್ಷೇಮಕ್ಕಾಗಿ ಹೊರಗಿನ ಸಂಸ್ಥೆಯೊಂದರಿಂದ ಹೊಸ ಸೇವೆಯನ್ನು ಪಡೆಯಲಾಗಿದೆ, ಅದರಲ್ಲಿ ಮೊಬೈಲ್ ಆ್ಯಪ್, ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಗುವ ಆಪ್ತಸಮಾಲೋಚನೆ, ವಾರಕ್ಕೊಮ್ಮೆ ಆನ್‌ಲೈನ್ ಯೋಗ, ತಿಂಗಳಿಗೊಂದು ಉಪನ್ಯಾಸ, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮತ್ತು ಎರಡು ದಿನಗಳ ‘ವೆಲ್‌ನೆಸ್ ಲೀವ್’ ಇವೆ ಎಂದು ಅದರಲ್ಲಿ ಬರೆದಿತ್ತು. ಆ ಇಮೇಲನ್ನು ನಾನು ಓದಿದ್ದು ರಾತ್ರಿ ಹನ್ನೊಂದು ಗಂಟೆಗೆ, ಕಾಲ್ ನಡೆಯುತ್ತಿರುವಾಗ, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾರನೆಯ ದಿನದ ಬೇಳೆ ನೆನೆಹಾಕುತ್ತಾ.

ಹೊರ ವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷಗಳಿಂದ ಟೆಸ್ಟಿಂಗ್ ವಿಭಾಗದಲ್ಲಿ ದುಡಿಯುತ್ತಿದ್ದೇನೆ, ಈಗ ಒಂಬತ್ತು ಜನರ ತಂಡಕ್ಕೆ ಲೀಡ್ ಆಗಿದ್ದೇನೆ, ನಾಲ್ಕು ವರ್ಷದ ಮಗನಿದ್ದಾನೆ. ಈ ಸೇವೆಯ ಪ್ರತಿಯೊಂದು ಭಾಗವನ್ನೂ ಈ ಹದಿನಾಲ್ಕು ತಿಂಗಳಲ್ಲಿ ನಾನೇ ಬಳಸಿ ನೋಡಿದ್ದೇನೆ. ಕಂಪನಿಯ ಹೆಸರನ್ನಾಗಲಿ ಸೇವಾ ಸಂಸ್ಥೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಇದೇ ಬಗೆಯ ಪ್ಯಾಕೇಜು ಅಲ್ಪಸ್ವಲ್ಪ ವ್ಯತ್ಯಾಸಗಳೊಂದಿಗೆ ಈ ಊರಿನ ಬಹಳಷ್ಟು ಕಚೇರಿಗಳಲ್ಲಿ ಇದೆ. ‘ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ’ (ನೌಕರರ ನೆರವಿನ ಯೋಜನೆ) ಅಥವಾ ‘ಇಎಪಿ’ ಎಂಬ ಹೆಸರು ನಿಮ್ಮ ಇಮೇಲ್‌ನಲ್ಲೂ ಯಾವುದೋ ಮೂಲೆಯಲ್ಲಿ ಬಿದ್ದಿರಬಹುದು. ಅದನ್ನು ತೆರೆಯಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಈ ಬರಹ ಉಪಯೋಗಕ್ಕೆ ಬಂದರೆ ಸಾಕು.

ಮೊದಲು ಆ್ಯಪ್. ಇಮೇಲ್‌ನಲ್ಲಿ ಅತಿ ಹೆಚ್ಚು ಜಾಗ ಪಡೆದಿದ್ದು ಇದೇ, ನನಗೆ ಅತಿ ಕಡಿಮೆ ಪ್ರಯೋಜನವಾಗಿದ್ದೂ ಇದೇ. ಪ್ರತಿದಿನ ಬೆಳಿಗ್ಗೆ ‘ಇಂದು ನಿಮಗೆ ಹೇಗನಿಸುತ್ತಿದೆ’ ಎಂದು ಕೇಳಿ ಐದು ಮುಖಗಳನ್ನು ತೋರಿಸುತ್ತದೆ. ಅಳುವ ಮುಖದಿಂದ ನಗುವ ಮುಖದವರೆಗೆ ಯಾವುದನ್ನು ಒತ್ತಿದರೂ ಮುಂದೆ ಬರುವುದು ಉಸಿರಾಟದ ಒಂದು ವಿಡಿಯೊ. ನಡೆದ ಹೆಜ್ಜೆಗಳಿಗೆ ಅಂಕಗಳಿವೆ, ತಂಡಗಳ ನಡುವೆ ಸ್ಪರ್ಧೆಯಿದೆ, ಕೇಳುತ್ತಾ ಮಲಗಲು ಮಳೆಯ ಸದ್ದು ಇದೆ. ಇವು ಯಾವುವೂ ಕೆಟ್ಟವಲ್ಲ. ಆದರೆ ನನ್ನ ನಿದ್ದೆ ಕೆಟ್ಟಿದ್ದು ಮಳೆಯ ಸದ್ದಿಲ್ಲದ್ದರಿಂದ ಅಲ್ಲ, ಹನ್ನೆರಡು ಗಂಟೆಯವರೆಗೂ ತಲೆಯಲ್ಲಿ ನಾವು ಪರೀಕ್ಷಿಸುವ ಸಾಫ್ಟ್‌ವೇರ್ ಆವೃತ್ತಿಗಳ ಬಿಲ್ಡ್ ನಂಬರುಗಳು ಓಡುತ್ತಿದ್ದುದರಿಂದ. ಸಂಪೂರ್ಣ ಇಂಗ್ಲಿಷಿನಲ್ಲಿದ್ದ ಆ್ಯಪ್‌ಗೆ ಕೆಲವು ತಿಂಗಳ ನಂತರ ಹಿಂದಿ ಸೇರಿತು. ಕನ್ನಡ ಇಂದಿಗೂ ಬಂದಿಲ್ಲ. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿ ಆಕ್ಸ್‌ಫರ್ಡ್‌ನ ಸಂಶೋಧಕ ವಿಲಿಯಂ ಫ್ಲೆಮಿಂಗ್ ಅವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷೇಮದ ಆ್ಯಪ್‌ಗಳು, ಧ್ಯಾನದ ತರಗತಿಗಳು, ಒತ್ತಡ ನಿಭಾಯಿಸುವ ತರಬೇತಿಗಳಂಥ ವೈಯಕ್ತಿಕ ಉಪಕ್ರಮಗಳಲ್ಲಿ ಪಾಲ್ಗೊಂಡವರ ಸ್ಥಿತಿ ಪಾಲ್ಗೊಳ್ಳದವರಿಗಿಂತ ಉತ್ತಮವಾಗಿ ಕಾಣಲಿಲ್ಲ. ಅವರ ಲೆಕ್ಕದಲ್ಲಿ ಸ್ವಲ್ಪ ಒಳ್ಳೆಯ ಫಲ ತೋರಿದ್ದು ಸ್ವಯಂಸೇವೆಯ ಅವಕಾಶ ಮಾತ್ರ. ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಎರಡು ತಿಂಗಳ ನಂತರ ಆ್ಯಪ್‌ನ ಸೂಚನೆಗಳನ್ನು ನಿಲ್ಲಿಸಿದೆ, ಅದರಿಂದಲೇ ಸ್ವಲ್ಪ ನೆಮ್ಮದಿಯಾಯಿತು.

ಆಪ್ತಸಮಾಲೋಚನೆಯ ವಿಷಯವೇ ಬೇರೆ. ಇದೊಂದು ಭಾಗಕ್ಕಾಗಿಯೇ ಈ ಸೇವೆ ಇರಬೇಕೆಂದು ನಾನು ಹೇಳುತ್ತೇನೆ, ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತೇನೆ.

ನೌಕರರಿಗೂ ಅವರ ಮನೆಯವರಿಗೂ ಸೇರಿ ವರ್ಷಕ್ಕೆ ಆರು ಉಚಿತ ಅವಧಿಗಳಿವೆ, ಪ್ರತಿ ಅವಧಿ ಐವತ್ತು ನಿಮಿಷ. ಕರೆ ಮಾಡುವುದಕ್ಕೆ ನಾನು ಸುಮಾರು ಮೂರು ವಾರ ಹಿಂದೆಮುಂದೆ ನೋಡಿದೆ. ಕಾರಣ ಸರಳ: ನೋಂದಣಿಗೆ ಕಚೇರಿಯ ಇಮೇಲ್ ವಿಳಾಸವನ್ನೂ ನೌಕರರ ಸಂಖ್ಯೆಯನ್ನೂ ಕೇಳುತ್ತಾರೆ. ನಾನು ಯಾರೊಂದಿಗೆ ಏನು ಮಾತನಾಡಿದೆ ಎಂಬುದು ಮ್ಯಾನೇಜರ್‌ಗೆ ತಿಳಿದು, ಅಪ್ರೈಸಲ್ ಹೊತ್ತಿಗೆ ‘ಇವರಿಗೆ ಒತ್ತಡ ತಾಳಿಕೊಳ್ಳಲು ಆಗುವುದಿಲ್ಲ’ ಎಂಬ ಮಾತಾಗಿ ತಿರುಗಿ ಬಂದರೆ ಏನು ಮಾಡುವುದು ಎಂಬ ಭಯ ನನ್ನೊಬ್ಬಳದಲ್ಲ, ಊಟದ ಮೇಜಿನ ಸುತ್ತ ಕುಳಿತ ಎಲ್ಲರದೂ ಆಗಿತ್ತು. ಕೊನೆಗೆ ಎಚ್‌ಆರ್‌ಗೆ ನೇರವಾಗಿ ಬರೆದು ಕೇಳಿದೆ. ಕಂಪನಿಗೆ ಹೋಗುವುದು ಆ ತಿಂಗಳು ಒಟ್ಟು ಎಷ್ಟು ಜನ ಬಳಸಿದರು ಎಂಬ ಸಂಖ್ಯೆ ಮಾತ್ರ, ಹೆಸರುಗಳು ಹೋಗುವುದಿಲ್ಲ ಎಂದು ಅವರು ಲಿಖಿತವಾಗಿ ಉತ್ತರಿಸಿದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಯ ಮಾಹಿತಿಯ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ನಿಮ್ಮ ಕಚೇರಿಯಲ್ಲಿ ಇಂಥ ಸೇವೆಯಿದ್ದರೆ ಕರೆ ಮಾಡುವ ಮೊದಲು ಈ ಒಂದು ಪ್ರಶ್ನೆಯನ್ನು ಬರವಣಿಗೆಯಲ್ಲೇ ಕೇಳಿ, ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಆ ಉತ್ತರವನ್ನು ಮೊದಲ ಇಮೇಲ್‌ನಲ್ಲೇ ಕೊಟ್ಟಿದ್ದರೆ ನನ್ನಂಥವರು ಮೂರು ವಾರ ಕಾಯಬೇಕಾಗಿರಲಿಲ್ಲ.

ಮೊದಲ ಕರೆಯಲ್ಲಿ ನನಗೆ ಸಿಕ್ಕವರು ಇಂಗ್ಲಿಷಿನಲ್ಲಿ ಮಾತನಾಡಿದರು. ಸೌಜನ್ಯದಿಂದಲೇ ಮಾತನಾಡಿದರು, ಆದರೆ ಇಂಗ್ಲಿಷಿನಲ್ಲಿ ನನ್ನ ಬಾಯಿಂದ ಬಂದಿದ್ದು ಕಚೇರಿಯ ಮಾತೇ: ‘ಐ ಆಮ್ ಮ್ಯಾನೇಜಿಂಗ್’. ವರ್ಷಗಟ್ಟಲೆ ಸ್ಟೇಟಸ್ ಕಾಲ್‌ಗಳಲ್ಲಿ ಹೇಳಿ ಹೇಳಿ ಆ ಭಾಷೆಯಲ್ಲಿ ನನಗೆ ಬೇರೆ ಉತ್ತರವೇ ಉಳಿದಿರಲಿಲ್ಲ. ಕನ್ನಡದವರು ಸಿಗಬಹುದೇ ಎಂದು ಕೇಳಿದೆ. ಐದು ದಿನ ಕಾಯಬೇಕಾಯಿತು. ಐದನೆಯ ದಿನ ಸಂಜೆ ಕರೆ ಮಾಡಿದವರು ಮೊದಲು ಕೇಳಿದ್ದು ನನ್ನ ಸಮಸ್ಯೆಯನ್ನಲ್ಲ. ‘ಈಗ ಎಲ್ಲಿ ಕೂತಿದ್ದೀರಿ?’ ಎಂದು ಕೇಳಿದರು. ಕಚೇರಿಯ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ, ಎಂದೆ. ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಐವತ್ತು ನಿಮಿಷ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವ ಜಾಗ ನನಗೆ ಬೇರೆ ಇರಲಿಲ್ಲ. ‘ಹಾಗಾದರೆ ಮೊದಲು ಕಿಟಕಿ ಸ್ವಲ್ಪ ಇಳಿಸಿಕೊಳ್ಳಿ, ಗಾಳಿ ಆಡಲಿ’ ಎಂದರು. ಕಿಟಕಿ ಇಳಿಸಿದೆ. ಆಮೇಲೆ ಯಾರೂ ಏನೂ ಕೇಳದೆಯೇ ‘ಸಾಕಾಗಿ ಹೋಗಿದೆ’ ಎಂಬ ಮಾತು ಬಂತು, ಅದರ ಹಿಂದೆ ಅಳುವೂ ಬಂತು. ಆ್ಯಪ್‌ನ ಐದು ಮುಖಗಳಿಗೆ ಎರಡು ತಿಂಗಳಲ್ಲಿ ತಿಳಿಯದಿದ್ದುದು ಆ ಹೆಂಗಸಿಗೆ ನಾಲ್ಕು ನಿಮಿಷಗಳಲ್ಲಿ ತಿಳಿಯಿತು.

ಮುಂದಿನ ಅವಧಿಗಳಲ್ಲಿ ಅವರು ನನಗೆ ಉಪದೇಶ ಮಾಡಲಿಲ್ಲ. ಒಂದು ವಾರ ಒಂದು ಸಣ್ಣ ಪುಸ್ತಕದಲ್ಲಿ ಎರಡೇ ಸಂಗತಿ ಬರೆದಿಡಲು ಹೇಳಿದರು: ಕೆಲಸಕ್ಕೆ ಸಂಬಂಧಿಸಿದ ಏನನ್ನಾದರೂ ಯಾವ ಹೊತ್ತಿಗೆ ಮುಟ್ಟಿದೆ, ಯಾವ ಹೊತ್ತಿಗೆ ಬಿಟ್ಟೆ. ಫೋನಿನಲ್ಲಿ ಒಂದು ಸಂದೇಶಕ್ಕೆ ಉತ್ತರಿಸಿದರೂ ಬರೆಯಬೇಕು. ಮಗನ ಹಳೆಯ ನೋಟ್‌ಬುಕ್‌ನ ಹಿಂಭಾಗದಲ್ಲಿ ಬರೆದೆ. ಕಚೇರಿಯ 45 ಗಂಟೆ, ನಾಲ್ಕು ರಾತ್ರಿಯ ಕಾಲ್‌ಗಳ 8 ಗಂಟೆ, ಭಾನುವಾರ ಹೊಸ ಆವೃತ್ತಿಯ ರಿಲೀಸ್‌ಗೆ 3 ಗಂಟೆ, ಚೂರುಚೂರಾಗಿ ಹಂಚಿಹೋದ ಸಂದೇಶಗಳಿಗೆ ಇನ್ನೊಂದು ಗಂಟೆ, ಒಟ್ಟು 57. ಹೊರ ವರ್ತುಲ ರಸ್ತೆಯ ಪ್ರಯಾಣ ಇದರಲ್ಲಿ ಸೇರಿಲ್ಲ. ಗಂಟೆಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಆ ಏಳು ದಿನಗಳಲ್ಲಿ ಎಚ್ಚರವಿದ್ದ ಹೊತ್ತಿನಲ್ಲಿ ಸತತ ಮೂರು ಗಂಟೆ ಕೆಲಸವನ್ನು ಮುಟ್ಟದೆ ಇದ್ದದ್ದು ಒಂದೇ ಸಲ, ಶನಿವಾರ ಮಧ್ಯಾಹ್ನ, ಅದೂ ಫೋನ್ ಚಾರ್ಜ್ ಇಲ್ಲದೆ ಆರಿಹೋಗಿದ್ದರಿಂದ. ತಿಪಟೂರಿನಿಂದ ಅಪ್ಪ ಮಾಡಿದ ನಾಲ್ಕು ಕರೆಗಳಿಗೂ ಆ ವಾರ ನಾನು ‘ಆಮೇಲೆ ಮಾಡ್ತೀನಿ’ ಎಂದಿದ್ದೆ, ಮಾಡಿರಲಿಲ್ಲ. ಆ ಪುಟ ಈಗಲೂ ನನ್ನ ಬಳಿ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಬರ್ನ್‌ಔಟ್‌ಗೆ ವ್ಯಾಖ್ಯೆ ಕೊಟ್ಟಿತು. ಅದನ್ನು ಕಾಯಿಲೆಯೆಂದು ಹೇಳದೆ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಹೇಳಿತು. ಶಕ್ತಿ ಬತ್ತಿಹೋದ ಭಾವ, ಮಾಡುವ ಕೆಲಸದಿಂದ ಮನಸ್ಸು ದೂರವಾಗುವುದು, ಎಷ್ಟು ಮಾಡಿದರೂ ಕೈ ಸಾಗುತ್ತಿಲ್ಲವೆನ್ನಿಸುವುದು, ಇವು ಮೂರು ಅದರ ಲಕ್ಷಣಗಳು. ಈ ವ್ಯಾಖ್ಯೆಯನ್ನು ನನ್ನ ಆಪ್ತಸಮಾಲೋಚಕರು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ದೊಡ್ಡ ಭಾರವೊಂದು ಇಳಿಯಿತು. ಅಲ್ಲಿಯವರೆಗೆ ನಾನು ದೋಷವನ್ನು ನನ್ನೊಳಗೇ ಹುಡುಕುತ್ತಿದ್ದೆ: ಬೆಳಿಗ್ಗೆ ಬೇಗ ಏಳಬೇಕಿತ್ತು, ವ್ಯಾಯಾಮ ಮಾಡಬೇಕಿತ್ತು, ಸಮಯವನ್ನು ಇನ್ನಷ್ಟು ಜಾಣತನದಿಂದ ಬಳಸಬೇಕಿತ್ತು ಎಂದು. ಅದೇ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನನ್ನ ಪುಟದ 57 ಎಂಬ ಸಂಖ್ಯೆಯ ಪಕ್ಕದಲ್ಲಿ ಈ ಸಂಖ್ಯೆಗಳನ್ನಿಟ್ಟು ನೋಡಿದ ಮೇಲೆ ಸುಮ್ಮನಿರುವುದು ಸಾಧ್ಯವಿರಲಿಲ್ಲ.

ನಾಲ್ಕನೆಯ ಅವಧಿಯನ್ನು ನಾವಿಬ್ಬರೂ ಪೂರ್ತಿಯಾಗಿ ಒಂದೇ ಕೆಲಸಕ್ಕೆ ಬಳಸಿದೆವು: ಮ್ಯಾನೇಜರ್ ಮುಂದೆ ಏನು ಹೇಳಬೇಕು ಎಂಬುದನ್ನು ಅಭ್ಯಾಸ ಮಾಡುವುದಕ್ಕೆ. ದೂರಾಗಿ ಹೇಳದೆ, ಕ್ಷಮೆ ಕೇಳುವಂತೆಯೂ ಹೇಳದೆ, ಬರೆದಿಟ್ಟ ಪುಟವನ್ನು ಮುಂದಿಟ್ಟು ಎರಡು ಬದಲಾವಣೆಗಳನ್ನು ಕೇಳಬೇಕೆಂದು ತೀರ್ಮಾನಿಸಿದೆವು. ನನ್ನ ಮ್ಯಾನೇಜರ್ ಆ ಪುಟವನ್ನು ಎರಡು ಸಲ ಓದಿದರು. ನಂತರ ತಮ್ಮ ಕ್ಯಾಲೆಂಡರ್ ತೆರೆದು, ‘ನನ್ನದೂ ಇದಕ್ಕಿಂತ ಬೇರೆಯಿಲ್ಲ’ ಎಂದರು. ಒಂದು ತಿಂಗಳೊಳಗೆ ರಾತ್ರಿಯ ಕಾಲ್‌ಗಳು ನಾಲ್ಕರಿಂದ ಎರಡಕ್ಕೆ ಇಳಿದವು. ಉಳಿದ ಎರಡನ್ನು ಮೂವರು ಲೀಡ್‌ಗಳು ಸರದಿಯಂತೆ ಹಂಚಿಕೊಂಡೆವು. ಹಾಜರಿಲ್ಲದವರಿಗಾಗಿ ಅರ್ಧ ಪುಟದ ಟಿಪ್ಪಣಿ ಬರೆದಿಡುವ ಪದ್ಧತಿ ಶುರುವಾಯಿತು. ವಾರಕ್ಕೊಂದು ಕಾಲ್ ನಮ್ಮ ಬೆಳಿಗ್ಗೆ ಏಳೂವರೆಗೆ ಬಂತು. ಆಗ ಅಲ್ಲಿ ಸಂಜೆ ಆರು. ಅಲ್ಲಿನ ತಂಡದವರು ಇದಕ್ಕೆ ಒಪ್ಪಲಾರರೆಂದು ನಾವೆಲ್ಲ ಇಷ್ಟು ವರ್ಷ ನಂಬಿದ್ದೆವು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಈ ಬದಲಾವಣೆ ವೆಲ್‌ನೆಸ್ ಪ್ಯಾಕೇಜಿನ ಯಾವ ಪುಟದಲ್ಲೂ ಇಲ್ಲ. ನನ್ನ ಮುಖ್ಯ ಆಕ್ಷೇಪಣೆಯೂ ಇದೇ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ನೌಕರರಿಗೆ ಒತ್ತಡ ನಿಭಾಯಿಸುವ ಕೌಶಲಗಳ ಜೊತೆಗೆ, ಕೆಲಸದ ಹೊರೆ, ವೇಳಾಪಟ್ಟಿ, ಸಂವಹನದಂಥ ಸಂಗತಿಗಳನ್ನೇ ಸಂಸ್ಥೆಯ ಮಟ್ಟದಲ್ಲಿ ಸರಿಪಡಿಸುವುದು ಮತ್ತು ಮ್ಯಾನೇಜರ್‌ಗಳಿಗೆ ತರಬೇತಿ ಕೊಡುವುದು ಸೇರಿವೆ. ನಮ್ಮ ಪ್ಯಾಕೇಜಿನಲ್ಲಿ ಮೊದಲನೆಯದಕ್ಕೆ ಆರು ಬಗೆಯ ಸೌಲಭ್ಯಗಳಿವೆ, ಉಳಿದ ಎರಡಕ್ಕೆ ಒಂದೂ ಇಲ್ಲ. ನೌಕರರು ಎಷ್ಟು ಹೆಜ್ಜೆ ನಡೆದರೆಂದು ಎಣಿಸುವ ವ್ಯವಸ್ಥೆಯಿದೆ, ಎಷ್ಟು ಗಂಟೆ ದುಡಿದರೆಂದು ಎಣಿಸುವ ವ್ಯವಸ್ಥೆಯಿಲ್ಲ. ನನ್ನ ಆಪ್ತಸಮಾಲೋಚಕರು ಸೇವೆಯ ನಿಗದಿತ ಚೌಕಟ್ಟನ್ನು ದಾಟಿ ನನ್ನ ಜೊತೆ ಆ ಪುಟವನ್ನು ಮಾಡಿಸದಿದ್ದರೆ, ನನ್ನ ಮ್ಯಾನೇಜರ್ ಓದಿ ಒಪ್ಪದ ಮನುಷ್ಯರಾಗಿದ್ದರೆ, ಇಡೀ ಪ್ಯಾಕೇಜು ನನ್ನ ಹನ್ನೆರಡೂವರೆಯನ್ನು ಹನ್ನೊಂದಕ್ಕೆ ತರುತ್ತಿರಲಿಲ್ಲ.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಹಲವರಿಗೆ ಇದು ತಿಳಿದಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದುಡಿಮೆಯ ಮಿತಿಯನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿದೆ, ಅದಕ್ಕೂ ಮೀರಿದ ದುಡಿಮೆಗೆ ಇಮ್ಮಡಿ ಕೂಲಿಯನ್ನು ವಿಧಿಸಿದೆ. 2024ರ ಜುಲೈನಲ್ಲಿ ಐಟಿ ಕ್ಷೇತ್ರದಲ್ಲಿ ದಿನಕ್ಕೆ 12 ಗಂಟೆ ಮೀರಿ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ರಾಜ್ಯದಲ್ಲಿ ಚರ್ಚೆಗೆ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದು ವಿರೋಧಿಸಿತು. ಅದರ ಹಿಂದಿನ ತಿಂಗಳಷ್ಟೇ ಐಟಿ ಕಂಪನಿಗಳಿಗೆ ಉದ್ಯೋಗದ ನಿಯಮಗಳನ್ನು ಲಿಖಿತವಾಗಿ ಗೊತ್ತುಮಾಡಬೇಕೆನ್ನುತ್ತಿದ್ದ 1946ರ ಕೈಗಾರಿಕಾ ಉದ್ಯೋಗ ಸ್ಥಾಯೀ ಆದೇಶಗಳ ಕಾಯ್ದೆಯಿಂದ ಕೊಟ್ಟಿದ್ದ ವಿನಾಯಿತಿಯನ್ನು ಸರ್ಕಾರ ಇನ್ನೂ ಐದು ವರ್ಷ ಮುಂದುವರಿಸಿತ್ತು. ನೌಕರರ ಕುಂದುಕೊರತೆಗಳನ್ನು ಆಲಿಸಲು ಸಮಿತಿ ಇರಬೇಕೆಂಬುದು ಆ ವಿನಾಯಿತಿಯ ಷರತ್ತುಗಳಲ್ಲಿ ಒಂದಾಗಿತ್ತು. ನಿಮ್ಮ ಕಚೇರಿಯಲ್ಲಿ ಆ ಸಮಿತಿಯ ಸದಸ್ಯರು ಯಾರೆಂದು ಕೇಳಿ ನೋಡಿ. ನಮ್ಮಲ್ಲಿ ಕೇಳಿದ ಮೇಲೆಯೇ ಅವರ ಹೆಸರುಗಳು ಫಲಕದ ಮೇಲೆ ಬಂದವು.

ಉಳಿದ ಭಾಗಗಳನ್ನು ಬೇಗ ಮುಗಿಸುತ್ತೇನೆ. ಯೋಗದ ತರಗತಿ ಬುಧವಾರ ಸಂಜೆ ಐದಕ್ಕೆ; ನಮ್ಮ ತಂಡದ ಡಿಫೆಕ್ಟ್ ಮೀಟಿಂಗ್ ಕೂಡ ಅದೇ ಹೊತ್ತಿಗೆ. ಹದಿನಾಲ್ಕು ತಿಂಗಳಲ್ಲಿ ಆರು ತರಗತಿಗೆ ಹೋಗಿದ್ದೇನೆ, ಶಿಕ್ಷಕಿ ಬಹಳ ಚೆನ್ನಾಗಿ ಹೇಳಿಕೊಡುತ್ತಾರೆ. ತಿಂಗಳ ಉಪನ್ಯಾಸಗಳಲ್ಲಿ ಹಣಕಾಸಿನ ಬಗ್ಗೆ ನಡೆದ ಒಂದು ಮಾತ್ರ ನೆನಪಿದೆ. ಆರೋಗ್ಯ ತಪಾಸಣೆ ಅಚ್ಚುಕಟ್ಟಾಗಿತ್ತು, ಬೆಳಿಗ್ಗೆ ಆರೂವರೆಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು, ವಿಟಮಿನ್ ಡಿ ತೀರಾ ಕಡಿಮೆಯಿರುವುದು ಇದರಿಂದಲೇ ತಿಳಿಯಿತು.

‘ವೆಲ್‌ನೆಸ್ ಲೀವ್’ ಬಗ್ಗೆ ಎರಡು ಮಾತು. ಈ ರಜೆಗೆ ಮ್ಯಾನೇಜರ್ ಒಪ್ಪಿಗೆಯ ಜೊತೆಗೆ ಕಾರಣವನ್ನೂ ಬರೆಯಬೇಕು, ಹಿಂದಿನ ದಿನವೇ ಅರ್ಜಿ ಹಾಕಬೇಕು. ಸುಸ್ತಾಗಿ ಏಳಲಾಗದ ಬೆಳಿಗ್ಗೆ ಯಾವುದೆಂದು ಹಿಂದಿನ ದಿನವೇ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ತಂಡದಲ್ಲಿ ಒಂದು ವರ್ಷದಲ್ಲಿ ಈ ರಜೆಯನ್ನು ಬಳಸಿದವರು ಇಬ್ಬರೇ. ಇದಕ್ಕೆ ಹೋಲಿಸಿದರೆ, ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ಋತುಚಕ್ರ ರಜೆಯ ನೀತಿ, ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯನ್ನು ಕೊಡುವ ಈ ನೀತಿ, ನನ್ನ ತಂಡದ ಹೆಣ್ಣುಮಕ್ಕಳಿಗೆ ಹೆಚ್ಚು ನಿಜವಾದ ಅನುಕೂಲವಾಗಿ ಕಂಡಿದೆ. ಮೊದಲ ತಿಂಗಳು ಕೇಳಲು ಎಲ್ಲರಿಗೂ ಸಂಕೋಚವಿತ್ತು. ನಾನೇ ಮೊದಲು ಅರ್ಜಿ ಹಾಕಿದೆ, ತಂಡದ ಹಂಚಿಕೆಯ ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಕಾಣುವಂತೆ ‘ರಜೆ’ ಎಂದು ಹಾಕಿದೆ. ಎರಡನೆಯ ತಿಂಗಳಿಂದ ಉಳಿದವರೂ ಹಾಕತೊಡಗಿದರು.

ಶಿಶುಪಾಲನಾ ಕೇಂದ್ರ ಈ ಪ್ಯಾಕೇಜಿನ ಭಾಗವಲ್ಲ, ಕಾನೂನಿನ ಭಾಗ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದನ್ನು ಕಡ್ಡಾಯ ಮಾಡಿತು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಅವಕಾಶ ಕೊಟ್ಟಿತು. ನಮ್ಮ ಕಂಪನಿ ಒಪ್ಪಂದ ಮಾಡಿಕೊಂಡಿರುವ ಕೇಂದ್ರ ಮೇಲುಸೇತುವೆಯ ಆಚೆಗಿದೆ. ಸಂಜೆಯ ವಾಹನ ದಟ್ಟಣೆಯಲ್ಲಿ ಅಲ್ಲಿಗೆ ಹೋಗಿ ಬರಲು ನಲವತ್ತು ನಿಮಿಷ ಬೇಕಾಗುವುದರಿಂದ ನಾಲ್ಕು ಸಲದ ಮಾತು ಹಾಗಿರಲಿ, ಒಂದು ಸಲವೂ ಆಗುವುದಿಲ್ಲ. ಅದು ಮುಚ್ಚುವುದು ಆರೂವರೆಗೆ. ನನ್ನ ದಿನದಲ್ಲಿ ಅತಿ ಹೆಚ್ಚು ಎದೆ ಬಡಿದುಕೊಳ್ಳುವ ಹೊತ್ತು ರಾತ್ರಿಯ ಕಾಲ್ ಅಲ್ಲ, ಸಂಜೆ ಆರು ಹತ್ತರಿಂದ ಆರೂವರೆಯವರೆಗಿನ ಇಪ್ಪತ್ತು ನಿಮಿಷ. ಮಗನ ಚೀಲ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿರುವ ಆಯಮ್ಮನ ಮುಖ ಆಗ ಕಣ್ಣಮುಂದೆ ಇರುತ್ತದೆ. ಅವರ ಬಸ್ಸೂ ತಪ್ಪುತ್ತಿರುತ್ತದೆ. ಕ್ಷೇಮದ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ಯಾರಾದರೂ ನನ್ನನ್ನು ಕೇಳಿದ್ದರೆ, ಈ ಕೇಂದ್ರವನ್ನು ನಮ್ಮ ಆವರಣದೊಳಕ್ಕೆ ತಂದು ಏಳೂವರೆಯವರೆಗೆ ಇನ್ನೊಬ್ಬರನ್ನು ನೇಮಿಸಿ ಎಂದು ಹೇಳುತ್ತಿದ್ದೆ.

ಸೇವೆಯ ಮಿತಿಗಳ ಬಗ್ಗೆ ಗಂಭೀರವಾಗಿ ಹೇಳಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಇದು ಚಿಕಿತ್ಸೆಯಲ್ಲ. ನಮ್ಮ ಮಹಡಿಯ ಒಬ್ಬರಿಗೆ ಮನೋವೈದ್ಯರ ಅಗತ್ಯ ಬಿದ್ದಾಗ ಸಹಾಯವಾಣಿಯವರು ಪ್ರಾಮಾಣಿಕವಾಗಿ ಅದನ್ನು ಹೇಳಿದರು, ಆದರೆ ಮುಂದಿನ ದಾರಿ ತೋರಿಸಲಿಲ್ಲ. ಒಂದು ಪಟ್ಟಿಯನ್ನು ಇಮೇಲ್ ಮಾಡಿ ಸುಮ್ಮನಾದರು. ಅಂಥ ಸ್ಥಿತಿಯಲ್ಲಿರುವವರಿಗೆ ಪಟ್ಟಿ ಹಿಡಿದು ಹತ್ತು ಕಡೆ ಫೋನ್ ಮಾಡುವ ತ್ರಾಣ ಇರುವುದಿಲ್ಲ. ನಾವಿಬ್ಬರು ಸಹೋದ್ಯೋಗಿಗಳು ಸೇರಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ಸಮಾನವಾಗಿ ವಿಮೆ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಪ್ರಕರಣ ಹೇಳುತ್ತದೆ. ಕಂಪನಿಯ ಗುಂಪು ವಿಮೆಯಲ್ಲಿ ಇದು ಹೇಗೆ ಸೇರಿದೆ, ಹೊರರೋಗಿ ಭೇಟಿಯ ಖರ್ಚು ಸಿಗುತ್ತದೆಯೇ ಎಂಬುದನ್ನು ಅಗತ್ಯ ಬೀಳುವ ಮೊದಲೇ ಕೇಳಿಟ್ಟುಕೊಳ್ಳಿ. ಆರು ಅವಧಿ ಮುಗಿದ ಮೇಲೆ ಏನು ಎಂದು ನಾನು ಕೇಳಿದಾಗ ನನ್ನ ಆಪ್ತಸಮಾಲೋಚಕರು ತಾವಾಗಿಯೇ ಬಿಟಿಎಂ ಬಡಾವಣೆಯಲ್ಲಿರುವ ನಿಮ್ಹಾನ್ಸ್ ಕ್ಷೇಮ ಕೇಂದ್ರದ ವಿಷಯ ಹೇಳಿದರು. ಫೋನು, ಕಂಪ್ಯೂಟರುಗಳ ಅತಿ ಬಳಕೆಯಿಂದ ಹೊರಬರಲು ನೆರವಾಗುವ, 2014ರಲ್ಲಿ ನಿಮ್ಹಾನ್ಸ್ ಆರಂಭಿಸಿದ ‘ಶಟ್ ಕ್ಲಿನಿಕ್’ ಬಗ್ಗೆಯೂ ನನಗೆ ತಿಳಿದಿದ್ದು ಅವರಿಂದಲೇ.

ಎರಡನೆಯದು ನನ್ನನ್ನು ಇನ್ನೂ ಹೆಚ್ಚು ನೋಯಿಸುವ ಸಂಗತಿ. ನನ್ನ ಒಂಬತ್ತು ಜನರಲ್ಲಿ ಇಬ್ಬರು ಗುತ್ತಿಗೆಯ ಮೇಲೆ ಬಂದವರು. ಅದೇ ಸಾಲಿನಲ್ಲಿ ಕೂರುತ್ತಾರೆ, ಅದೇ ರಿಲೀಸ್‌ಗೆ ಭಾನುವಾರ ಬರುತ್ತಾರೆ, ಆದರೆ ಈ ಸೇವೆಯ ಯಾವ ಭಾಗವೂ ಅವರಿಗೆ ಸಿಗುವುದಿಲ್ಲ. ರಾತ್ರಿ ಪಾಳಿಯವರನ್ನು ಮನೆಗೆ ಬಿಟ್ಟು ಬೆಳಗಿನ ಜಾವ ಕಾರಿನಲ್ಲೇ ಎರಡು ಗಂಟೆ ಕಣ್ಣು ಮುಚ್ಚುವ ಕ್ಯಾಬ್ ಚಾಲಕರಿಗೂ, ನಮ್ಮ ಮಹಡಿಯನ್ನು ಗುಡಿಸಿ ಒರೆಸುವವರಿಗೂ ಸಿಗುವುದಿಲ್ಲ. ಕಚೇರಿಯಲ್ಲಿ ಯಾರ ನಿದ್ದೆ ಅತಿ ಕಡಿಮೆ ಎಂದು ಕೇಳಿದರೆ ಇವರ ಹೆಸರುಗಳೇ ಮೊದಲು ಬರಬೇಕು. ಅವರಿಗೆ ನಾನು ಕೊಡಬಹುದಾಗಿದ್ದು ಒಂದು ಸಂಖ್ಯೆಯನ್ನು ಮಾತ್ರ: 14416. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಅದರ ರಾಷ್ಟ್ರಮಟ್ಟದ ಕೇಂದ್ರ ನಮ್ಮ ನಿಮ್ಹಾನ್ಸ್. ಹಗಲು ರಾತ್ರಿಯೆನ್ನದೆ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಅಗತ್ಯವಿದ್ದರೆ ಮನೋವೈದ್ಯರವರೆಗೆ ಒಯ್ಯುವ ವ್ಯವಸ್ಥೆಯಿದೆ, ಕಂಪನಿಯ ಗುರುತಿನ ಚೀಟಿಯನ್ನು ಯಾರೂ ಕೇಳುವುದಿಲ್ಲ. ಈ ಸಂಖ್ಯೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಮುದ್ರಿಸಿ ಚಾಲಕರು ಕಾಯುವ ಕೊಠಡಿಯಲ್ಲೂ ಪ್ಯಾಂಟ್ರಿಯ ಬಾಗಿಲಿನ ಹಿಂದೆಯೂ ಅಂಟಿಸಿದ್ದೇವೆ. ಕಚೇರಿಯ ಹಣ ಒಂದು ರೂಪಾಯಿಯೂ ಇದಕ್ಕೆ ಬೇಕಾಗಲಿಲ್ಲ.

ಇಷ್ಟೆಲ್ಲ ಆದ ಮೇಲೆ ಈ ಸೇವೆಯನ್ನು ಬಳಸಿ ಎಂದು ಹೇಳುತ್ತೀರಾ ಎಂದು ಗೆಳತಿಯೊಬ್ಬಳು ಕೇಳಿದಳು. ಹೌದು ಎಂದೇ ಹೇಳಿದೆ, ಆಪ್ತಸಮಾಲೋಚನೆಯನ್ನು ತಪ್ಪದೆ ಬಳಸು ಎಂದೆ. ಮೊದಲ ಕರೆಯಲ್ಲೇ ಕನ್ನಡದವರು ಬೇಕೆಂದು ಕೇಳು, ಸಿಗುವವರೆಗೆ ಕಾಯಿ, ಅದಕ್ಕೂ ಮೊದಲು ಒಂದು ವಾರ ಗಂಟೆಗಳನ್ನು ಬರೆದಿಟ್ಟುಕೊಂಡು ಹೋಗು, ಆರು ಅವಧಿಗಳಲ್ಲಿ ಒಂದು ಉಳಿತಾಯವಾಗುತ್ತದೆ ಎಂದೆ. ಕಳೆದ ವಾರ ಅವಳು ತನ್ನ ಪುಟದ ಚಿತ್ರವನ್ನು ಕಳುಹಿಸಿದ್ದಾಳೆ. ಅವಳದು 61.

ಈ ತಿಂಗಳು ನಮ್ಮ ಕಂಪನಿಯಲ್ಲಿ ಸೇವೆಯ ಒಪ್ಪಂದವನ್ನು ನವೀಕರಿಸುವ ಮಾತು ನಡೆದಿದೆ, ಎಲ್ಲರಿಂದಲೂ ಅಭಿಪ್ರಾಯ ಕೇಳಿದ್ದಾರೆ. ಆ್ಯಪ್‌ಗೆ ಐದರಲ್ಲಿ ಒಂದು, ಆಪ್ತಸಮಾಲೋಚನೆಗೆ ಐದಕ್ಕೆ ಐದು ಕೊಟ್ಟಿದ್ದೇನೆ. ‘ಇತರ ಸಲಹೆಗಳು’ ಎಂಬ ಖಾಲಿ ಜಾಗದಲ್ಲಿ ಮೂರು ಸಾಲು ಹಿಡಿಯಿತು. ಗುತ್ತಿಗೆ ನೌಕರರನ್ನೂ ಚಾಲಕರನ್ನೂ ಸೇರಿಸಿ. ಆ್ಯಪ್‌ನ ಹಣದಲ್ಲಿ ಕನ್ನಡ ಬಲ್ಲ ಇನ್ನಿಬ್ಬರು ಆಪ್ತಸಮಾಲೋಚಕರನ್ನು ಕೇಳಿ. ನವೆಂಬರ್‌ನಲ್ಲಿ ಅಮೆರಿಕದ ಗಡಿಯಾರ ಬದಲಾಗುವ ಮೊದಲೇ ಎಲ್ಲ ತಂಡಗಳ ರಾತ್ರಿ ಕಾಲ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಮ್ಮೆ ಕೂರೋಣ.